ಅಟ್ಟದ ಮೇಲಿನ ಡಿಸ್ಕೊ

ಪ್ರಶ್ನೆ: ಚಾಮರಾಜಪೇಟೆಯ ನಮ್ಮ ಹಳೆಮನೆಯ ಅಟ್ಟದಲ್ಲಿ ‘ಗೀತಾ’ ಚಿತ್ರದ ರೆಕಾರ್ಡ್ ಸಿಕ್ಕಿತು. ಡಿಸ್ಕೊ ಸಂಗ್ರಹವನ್ನು ಇದರಿಂದಲೇ ಶುರುಮಾಡಬಹುದೇ?

ಉತ್ತರ: ಖಂಡಿತ! ಶಂಕರ್‌ನಾಗ್ ನಿರ್ದೇಶಿಸಿದ 1981ರ ಆ ಚಿತ್ರಕ್ಕೆ ಇಳಯರಾಜ ಕೊಟ್ಟ ಡಿಸ್ಕೊ ಲಯ ಇಂದಿಗೂ ಕಾಲು ಕುಣಿಸುತ್ತದೆ. ಅದರ ಪಕ್ಕದಲ್ಲಿ ಬಿಡ್ಡು ಅಪ್ಪಯ್ಯ ಅವರನ್ನು ಕೂಡಿಸಿ. ಬೆಂಗಳೂರಿನಲ್ಲೇ ಹುಟ್ಟಿದ ಈ ಕೊಡವ ಲಂಡನ್ನಿಗೆ ಹೋಗಿ 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಹಾಡನ್ನು ನಿರ್ಮಿಸಿದರು. 1980ರ ‘ಕುರ್ಬಾನಿ’ಯಲ್ಲಿ ನಾಜಿಯಾ ಹಸನ್ ಹಾಡಿದ ಗೀತೆಯೂ ಮರುವರ್ಷದ ‘ಡಿಸ್ಕೊ ದೀವಾನೆ’ಯೂ ಅವರವೇ. ನಮ್ಮೂರಿನವರು ಎನ್ನಲು ನನಗಂತೂ ಹೆಮ್ಮೆ.

ಕೊಳ್ಳುವಾಗ ಲೇಬಲ್ ಸುತ್ತಲಿನ ಖಾಲಿ ಅಂಚಿನಲ್ಲಿರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದು ಯಾವ ಮುದ್ರಣವೆಂದು ಪತ್ತೆಹಚ್ಚಲು ಒಳ್ಳೆಯ ಸುಳಿವು. ರೆಕಾರ್ಡ್‌ಗಳನ್ನು ಪುಸ್ತಕದಂತೆ ನಿಲ್ಲಿಸಿಡಿ. ಅಟ್ಟದಿಂದ ಇಂದೇ ಇಳಿಸಿಬಿಡಿ: ಹೆಂಚಿನಡಿಯ ಬೇಸಿಗೆ ಕಾವಿಗೆ ವಿನೈಲ್ ಸೊಟ್ಟಗಾಗುತ್ತದೆ.