ಸಂಗೀತ ಸೂಚಿಗಳಲ್ಲಿ ಹಾಡಿನ ಶೀರ್ಷಿಕೆ: ಏಕರೂಪತೆಯ ಸಮಸ್ಯೆ

ಕನ್ನಡದ ಹಾಡುಗಬ್ಬದ ಪರಂಪರೆಯಲ್ಲಿ ರಚನೆಗೆ ಪ್ರತ್ಯೇಕ ಶೀರ್ಷಿಕೆ ಕೊಡುವ ವಾಡಿಕೆ ಇರಲಿಲ್ಲ. ಹರಿದಾಸರು ತಮ್ಮ ಪದಗಳಿಗೆ ಅಂಕಿತವನ್ನಿಟ್ಟರೇ ಹೊರತು ಹೆಸರನ್ನಿಡಲಿಲ್ಲ. ಪಲ್ಲವಿಯ ಮೊದಲ ಮಾತುಗಳೇ ಹಾಡಿನ ಗುರುತಾಗಿ ಬಳಕೆಗೆ ಬಂದವು. ಬಾಯಿಂದ ಬಾಯಿಗೆ ಹರಿದುಬಂದ ಈ ಗುರುತನ್ನು ಮುದ್ರಿತ ಸಂಕಲನ, ಧ್ವನಿಮುದ್ರಿಕೆಯ ಲೇಬಲ್ಲು ಹಾಗೂ ಗಣಕದ ದತ್ತಸಂಚಯಗಳಲ್ಲಿ ಬರಹಕ್ಕೆ ಇಳಿಸಿದಾಗ ಒಂದೇ ಹಾಡು ಹಲವು ರೂಪಗಳಲ್ಲಿ ದಾಖಲಾಗತೊಡಗಿತು. ಇದನ್ನು ಕೇವಲ ಕಾಗುಣಿತದ ಪ್ರಶ್ನೆಯೆಂದು ಬದಿಗಿಡುವಂತಿಲ್ಲ. ಒಬ್ಬ ದಾಸರ ಕೃತಿಗಳ ಎಣಿಕೆ, ಕರ್ತೃತ್ವದ ನಿರ್ಣಯ ಮತ್ತು ಪಾಠಾಂತರಗಳ ಅಧ್ಯಯನ ಇವೆಲ್ಲವೂ ಸೂಚಿಯ ಶಿಸ್ತನ್ನು ಅವಲಂಬಿಸಿವೆ.

ಪುರಂದರದಾಸರ 'ಜಗದೋದ್ಧಾರನ' ಎಂಬ ಪದವನ್ನು ನಿದರ್ಶನವಾಗಿ ನೋಡಬಹುದು. ಇಲ್ಲಿ ಕೊನೆಯ 'ನ'ಕಾರ ದ್ವಿತೀಯಾ ವಿಭಕ್ತಿಯನ್ನು ಸೂಚಿಸುತ್ತದೆ; 'ಜಗದೋದ್ಧಾರನನ್ನು' ಎಂಬುದು ಅದರ ಅರ್ಥ. ಗಾಯನದಲ್ಲಿ ಕೊನೆಯ ಸ್ವರ ದೀರ್ಘವಾಗುವುದರಿಂದ 'ಜಗದೋದ್ಧಾರನಾ' ಎಂಬ ರೂಪ ಹುಟ್ಟುತ್ತದೆ. ಸಂಜ್ಞಾಚಿಹ್ನೆಗಳಿಲ್ಲದ ರೋಮನ್ ಲಿಪಿಯಲ್ಲಿ 'ನ'ಕಾರ 'ಣ'ಕಾರಗಳ ಭೇದವಾಗಲಿ, ಒತ್ತಕ್ಷರದ ಸ್ವರೂಪವಾಗಲಿ ಉಳಿಯುವುದಿಲ್ಲ. ಅಲ್ಲಿಂದ ಮರಳಿ ಕನ್ನಡಕ್ಕೆ ಬರುವಾಗ 'ಜಗದೋದ್ಧಾರಣ' ಎಂದಾದರೆ, ವ್ಯಕ್ತಿವಾಚಕವಾಗಿದ್ದ ಪದ ಕ್ರಿಯಾವಾಚಕವಾಗಿ ವಾಕ್ಯದ ಅನ್ವಯವೇ ಕೆಡುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನ ಅಪಾಯವೂ ಉಂಟು. ಸಂಸ್ಕೃತ ಸಂಧಿನಿಯಮದಂತೆ 'ಜಗತ್' ಮತ್ತು 'ಉದ್ಧಾರ' ಸೇರಿ 'ಜಗದುದ್ಧಾರ' ಆಗಬೇಕೆಂದು ವಿದ್ವಾಂಸರು ಶೀರ್ಷಿಕೆಯನ್ನು ತಿದ್ದಲು ಹೊರಡಬಹುದು. ಆದರೆ ಪರಂಪರೆ ಹಾಡಿಕೊಂಡು ಬಂದಿರುವುದು 'ಜಗದೋದ್ಧಾರ' ಎಂದೇ. ಸೂಚಿಕಾರನ ಕೆಲಸ ಗುರುತಿಸುವುದು, ಪರಿಷ್ಕರಿಸುವುದಲ್ಲ.

ದೀರ್ಘಸ್ವರಗಳೆಲ್ಲವೂ ಒಂದೇ ಬಗೆಯವಲ್ಲ ಎಂಬುದೂ ಗಮನಾರ್ಹ. ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ' ಎಂಬಲ್ಲಿ 'ಕೃಷ್ಣಾ' ಎಂಬುದು ಸಂಬೋಧನಾ ರೂಪ. ಅಲ್ಲಿನ ದೀರ್ಘ ವ್ಯಾಕರಣಕ್ಕೆ ಸೇರಿದ್ದು. 'ಜಗದೋದ್ಧಾರನಾ' ಎಂಬಲ್ಲಿನ ದೀರ್ಘವಾದರೋ ರಾಗವಿಸ್ತಾರಕ್ಕೆ ಸೇರಿದ್ದು. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಡುವುದು ಯುಕ್ತ. 'ಭಾಗ್ಯದ ಲಕ್ಷ್ಮೀ ಬಾರಮ್ಮ' ಎಂಬುದರಲ್ಲಿ 'ಲಕ್ಷ್ಮೀ', 'ಲಕ್ಷ್ಮಿ' ಎಂಬ ಎರಡೂ ಬರಹಗಳು ರೂಢಿಯಲ್ಲಿವೆ. ಇಂಥ ಕಡೆ ಯಾವುದು ಸರಿ ಎಂಬ ಚರ್ಚೆಗಿಂತ, ಆಧಾರವಾಗಿ ಸ್ವೀಕರಿಸಿದ ಒಂದು ಸಂಪಾದಿತ ಆವೃತ್ತಿಯ ಪಾಠವನ್ನು ಉದ್ದಕ್ಕೂ ಅನುಸರಿಸುವುದು ಮುಖ್ಯ.

ಆಧುನಿಕ ಭಾವಗೀತೆಯಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಇಲ್ಲಿ ಕವಿಯೇ ಶೀರ್ಷಿಕೆ ಕೊಟ್ಟಿರುತ್ತಾನೆ. ಕೇಳುಗರು ಮಾತ್ರ ಮೊದಲ ಸಾಲಿನಿಂದ ಹಾಡನ್ನು ಗುರುತಿಸುತ್ತಾರೆ. ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕವಿತೆಯ ಹೆಸರೂ ಹೌದು, ಕವನ ಸಂಕಲನದ ಹೆಸರೂ ಹೌದು, ಮೈಸೂರು ಅನಂತಸ್ವಾಮಿಯವರ ಸಂಗೀತದೊಡನೆ 1978ರಲ್ಲಿ ಹೊರಬಂದ ಧ್ವನಿಸುರುಳಿಯ ಹೆಸರೂ ಹೌದು. ಹಾಡಾದರೋ 'ಜೋಗದ ಸಿರಿ' ಎಂದೇ ಜನಜನಿತ. ಕವಿತೆ, ಸಂಕಲನ, ಧ್ವನಿಸುರುಳಿ ಎಂಬ ಮೂರು ಸ್ತರಗಳನ್ನು ಬೇರ್ಪಡಿಸದ ಸೂಚಿಯಲ್ಲಿ 'ನಿತ್ಯೋತ್ಸವ' ಎಂಬ ಒಂದು ನಮೂದು ಯಾವುದನ್ನು ಹೇಳುತ್ತಿದೆ ಎಂಬುದು ತಿಳಿಯದು. ಅಂತೆಯೇ 'ಜೋಗದ ಸಿರಿ' ಎಂದು ಹುಡುಕಿದವರಿಗೆ ಅದು ಸಿಗುವುದೂ ಇಲ್ಲ.

ಗಣಕದ ಬಳಕೆ ಈ ತೊಡಕನ್ನು ಇನ್ನಷ್ಟು ಹೆಚ್ಚಿಸಿದೆ. ಓದುವ ಕಣ್ಣು 'ಲಕ್ಷ್ಮೀ', 'ಲಕ್ಷ್ಮಿ'ಗಳನ್ನು ಒಂದೆಂದು ಗ್ರಹಿಸುತ್ತದೆ. ಯಂತ್ರಕ್ಕೆ ಅವು ಎರಡು. ಅಷ್ಟೇ ಅಲ್ಲ, ಯೂನಿಕೋಡ್‌ನಲ್ಲಿ 'ಬಾರೋ' ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳ ಜೋಡಣೆಯಾಗಿಯೂ ದಾಖಲಿಸಲು ಸಾಧ್ಯ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಸಂಕೇತಗಳನ್ನು ಸಮೀಕರಿಸದಿದ್ದರೆ ಹುಡುಕಾಟದಲ್ಲಿ ಒಂದು ಸಿಕ್ಕಿ ಮತ್ತೊಂದು ತಪ್ಪಿಹೋಗುತ್ತದೆ. ಯೂನಿಕೋಡ್‌ಪೂರ್ವ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಹಳೆಯ ಪಟ್ಟಿಗಳನ್ನು ಪರಿವರ್ತಿಸುವಾಗಲೂ ಈ ಎಚ್ಚರ ಅಗತ್ಯ. ರೋಮನ್ ರೂಪ ಬೇಕಾದಲ್ಲಿ 2001ರ ಐ.ಎಸ್.ಓ. 15919 ಲಿಪ್ಯಂತರಣ ಪದ್ಧತಿ ನೆರವಾಗುತ್ತದೆ. ಹ್ರಸ್ವ ದೀರ್ಘಗಳನ್ನೂ 'ಲ'ಕಾರ 'ಳ'ಕಾರಗಳನ್ನೂ ಅದು ಸ್ಪಷ್ಟವಾಗಿ ಬೇರ್ಪಡಿಸುತ್ತದೆ.

ಗ್ರಂಥಾಲಯ ವಿಜ್ಞಾನವು ಈ ಸಮಸ್ಯೆಗೆ 'ಏಕರೂಪ ಶೀರ್ಷಿಕೆ' ಎಂಬ ಪರಿಹಾರವನ್ನು ಬಹು ಹಿಂದೆಯೇ ಕಂಡುಕೊಂಡಿದೆ. ಕೃತಿಯೊಂದು ಎಷ್ಟೇ ಹೆಸರುಗಳಲ್ಲಿ ಪ್ರಕಟವಾಗಿದ್ದರೂ ಒಂದು ಅಂಗೀಕೃತ ಹೆಸರಿನಡಿ ಎಲ್ಲವನ್ನೂ ಒಟ್ಟುಗೂಡಿಸುವುದು ಅದರ ತತ್ತ್ವ. ಇದನ್ನು ಕನ್ನಡಕ್ಕೆ ಅಳವಡಿಸುವಾಗ ಕೆಳಗಿನ ಕ್ರಮಗಳನ್ನು ಪರಿಶೀಲಿಸಬಹುದು.

1. ಕೀರ್ತನೆಗೆ ಪಲ್ಲವಿಯ ಆರಂಭದಲ್ಲಿ ಅರ್ಥ ನಿಲ್ಲುವಷ್ಟು ಪದಗಳನ್ನೂ, ಭಾವಗೀತೆಗೆ ಕವಿದತ್ತ ಹೆಸರನ್ನೂ ಏಕರೂಪ ಶೀರ್ಷಿಕೆಯಾಗಿ ಇಟ್ಟುಕೊಳ್ಳುವುದು.

2. ಲೇಬಲ್ಲಿನ ಮೇಲೆ ಅಥವಾ ಸಂಕಲನದಲ್ಲಿ ಇರುವ ರೂಪವನ್ನು ತಿದ್ದದೆ ಪ್ರತ್ಯೇಕ ಅಂಕಣದಲ್ಲಿ ನಮೂದಿಸುವುದು.

3. ಜನಬಳಕೆಯ ಹೆಸರು ಮತ್ತು ಪರ್ಯಾಯ ಬರಹಗಳಿಂದ ಏಕರೂಪ ಶೀರ್ಷಿಕೆಗೆ ಅಡ್ಡಉಲ್ಲೇಖ ಕೊಡುವುದು.

4. ರಾಗ, ತಾಳ, ಅಂಕಿತ, ಗಾಯಕರ ಹೆಸರುಗಳನ್ನು ಶೀರ್ಷಿಕೆಯೊಳಗೆ ಸೇರಿಸದೆ ಬೇರೆ ಬೇರೆ ಅಂಕಣಗಳಲ್ಲಿ ಇಡುವುದು.

ಇವುಗಳಲ್ಲಿ ಎರಡನೆಯದು ಸಂಶೋಧನೆಯ ದೃಷ್ಟಿಯಿಂದ ಅತ್ಯಂತ ಮಹತ್ತ್ವದ್ದು. ಏಕರೂಪತೆಯ ಹೆಸರಿನಲ್ಲಿ ಮೂಲರೂಪಗಳನ್ನು ಅಳಿಸಿಹಾಕಿದರೆ, ಒಂದು ಪದ ಯಾವ ಪ್ರದೇಶದಲ್ಲಿ, ಯಾವ ಗಾಯನ ಪರಂಪರೆಯಲ್ಲಿ ಹೇಗೆ ಉಚ್ಚಾರಗೊಂಡಿತ್ತು ಎಂಬ ಸಾಕ್ಷ್ಯವೂ ಅಳಿಯುತ್ತದೆ. ಮೂಲರೂಪಗಳನ್ನಷ್ಟೇ ಇಟ್ಟು ಏಕರೂಪವನ್ನು ಬಿಟ್ಟರೆ, ಒಂದೇ ಪದ ಮೂರು ಪದಗಳಾಗಿ ಎಣಿಕೆಗೆ ಬರುತ್ತದೆ. ಪುರಂದರದಾಸರ ರಚನೆಗಳು 4,75,000 ಎಂಬ ಸಾಂಪ್ರದಾಯಿಕ ಎಣಿಕೆಗೂ ನಮಗೆ ದೊರೆತಿರುವ ಪದಗಳಿಗೂ ನಡುವೆ ಅಪಾರ ಅಂತರವಿದೆ. ಹೀಗಿರುವಲ್ಲಿ, ದೊರೆತವುಗಳನ್ನಾದರೂ ಖಚಿತವಾಗಿ ಎಣಿಸಬಲ್ಲ ಸೂಚಿ ದಾಸಸಾಹಿತ್ಯದ ಅಧ್ಯಯನಕ್ಕೆ ಅತ್ಯಗತ್ಯ.

ಒಟ್ಟಾರೆ, ವಿಭಕ್ತಿ, ಸಂಧಿ, ಸಂಬೋಧನೆಗಳ ಅರಿವಿಲ್ಲದೆ ಹಾಡಿನ ಶೀರ್ಷಿಕೆಯನ್ನು ನಿರ್ಣಯಿಸಲಾಗದು. ಆದ್ದರಿಂದ ಸೂಚೀಕರಣವನ್ನು ತಂತ್ರಜ್ಞರ ಕೆಲಸವೆಂದು ಬಿಟ್ಟುಕೊಡದೆ, ಗ್ರಂಥಸಂಪಾದನೆಯ ಒಂದು ಅಂಗವೆಂದೇ ಕನ್ನಡ ಅಧ್ಯಯನವು ಪರಿಗಣಿಸಬೇಕಾಗಿದೆ.