ಅಪ್ಪನೇ ಬಾಣಂತಿಯಾಗುವ ಕಡಲ್ಗುದುರೆ

ಬಸುರು, ಬಾಣಂತನಗಳನ್ನೆಲ್ಲ ಹೆಂಗಸಿನ ಹಣೆಯಲ್ಲೇ ಬರೆದ ಆ ದೇವರು, ಗಂಡಸಿಗೂ ಒಂದು ಸಲ ಆ ನೋವು ತೋರಿಸಬಾರದಿತ್ತೇ? ನಮ್ಮ ಅಜ್ಜಿಯರ ಕಾಲದಿಂದ ಇಂದಿನ ಹುಡುಗಿಯರವರೆಗೆ ಈ ಮಾತು ಆಡದ ಹೆಂಗಸು ಅಪರೂಪ. ನೆಲದ ಮೇಲೆ ನಮ್ಮ ಅಹವಾಲನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಬಿಡಿ. ಆದರೆ ಕಡಲಿನೊಳಗೆ ಅದು ಎಂದೋ ಈಡೇರಿಬಿಟ್ಟಿದೆ! ಅಲ್ಲಿ ಒಂದು ಪುಟ್ಟ ಮೀನಿದೆ. ಅದರ ಸಂಸಾರದಲ್ಲಿ ಬಸುರಾಗುವುದೂ ಅಪ್ಪನೇ, ಹೆರುವುದೂ ಅಪ್ಪನೇ. ಅದೇ ಕಡಲ್ಗುದುರೆ.

ಹೆಸರು ಕೇಳಿ ಇದನ್ನು ಕುದುರೆಯ ಜಾತಿಯದೆಂದು ತಿಳಿಯಬೇಡಿ. ಇದು ಅಪ್ಪಟ ಮೀನು. ಕಿವಿರಿನಿಂದಲೇ ಉಸಿರಾಡುತ್ತದೆ. ಇಂಥ ಮುದ್ದಾದ ಪ್ರಾಣಿ ಇಂದು ಕೋಟಿಗಟ್ಟಲೆ ಸಾಯುತ್ತಿದೆ. ಅದರ ಕಥೆಯನ್ನು, ಅದನ್ನು ಉಳಿಸಲು ನಡೆದಿರುವ ಪ್ರಯತ್ನವನ್ನು ಇಷ್ಟು ಹೇಳೋಣವೆಂದು ಈ ಬರಹ.

ಕುದುರೆಯ ಮುಖ, ಕೋತಿಯ ಬಾಲ

ಚದುರಂಗದ ಹಲಗೆಯ ಮೇಲಿನ ಕುದುರೆಯನ್ನು ನೆನಪಿಸಿಕೊಳ್ಳಿ. ಥೇಟ್ ಅದೇ ಮುಖ, ಅದೇ ಬಾಗಿದ ಕತ್ತು. ಕೆಳಗೆ ಸುರುಳಿ ಸುತ್ತಿದ ಬಾಲ. ಕೋತಿ ಕೊಂಬೆಯನ್ನು ಹಿಡಿದಂತೆ ಇದು ಬಾಲದಿಂದ ಕಡಲ ಹುಲ್ಲನ್ನೋ ಹವಳದ ಕವಲನ್ನೋ ಹಿಡಿದುಕೊಂಡು ನಿಲ್ಲುತ್ತದೆ. ಮೈಮೇಲೆ ಹುರುಪೆಯಿಲ್ಲ, ಬದಲಿಗೆ ಗಟ್ಟಿ ಎಲುಬಿನ ಬಿಲ್ಲೆಗಳ ಕವಚ. ಎರಡು ಕಣ್ಣುಗಳೂ ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲವು. ಒಂದು ಕಣ್ಣು ಒಲೆಯ ಮೇಲೆ, ಇನ್ನೊಂದು ಕಣ್ಣು ಮಗುವಿನ ಮೇಲೆ ಇಡಬೇಕಾದ ನಮಗಲ್ಲವೇ ದೇವರು ಆ ಸೌಕರ್ಯ ಕೊಡಬೇಕಿದ್ದುದು!

ಈಜುವುದರಲ್ಲಿ ಮಾತ್ರ ಬಡಪಾಯಿ. ಬೆನ್ನಿನ ಮೇಲಿನ ಪುಟ್ಟ ರೆಕ್ಕೆಯನ್ನು ಸೆಕೆಂಡಿಗೆ 35 ಸಲ ಬಡಿದರೂ ಇದು ಸಾಗುವುದು ಇಷ್ಟಿಷ್ಟೇ ದೂರ. ಹಲ್ಲಿಲ್ಲ, ಜಠರವೂ ಇಲ್ಲ. ತಿಂದದ್ದು ಒಳಗೆ ನಿಲ್ಲದ ಕಾರಣ ಮತ್ತೆ ಮತ್ತೆ ತಿನ್ನುತ್ತಲೇ ಇರಬೇಕು. ನಳಿಗೆಯಂಥ ಮೂತಿಯಿಂದ ಸಣ್ಣ ಸಿಗಡಿ ಜಾತಿಯ ಹುಳುಗಳನ್ನು ಸರಕ್ಕನೆ ಹೀರಿಕೊಳ್ಳುತ್ತದೆ. ಲೋಕದಲ್ಲಿ ಸುಮಾರು 46 ಬಗೆಯ ಕಡಲ್ಗುದುರೆಗಳಿವೆ. ಕೆಲವು ಬೆರಳಿನ ಉಗುರಿನಷ್ಟು ಚಿಕ್ಕವು. ದೊಡ್ಡವು ಒಂದು ಅಡಿಗೂ ಮಿಕ್ಕಿ ಬೆಳೆಯುತ್ತವೆ.

ಗಂಡಿನ ಹೊಟ್ಟೆಯಲ್ಲಿ ತೊಟ್ಟಿಲು

ಗಂಡಿನ ಹೊಟ್ಟೆಯ ಮುಂದೆ ಒಂದು ಚೀಲವಿದೆ. ಹೆಣ್ಣು ತನ್ನ ಮೊಟ್ಟೆಗಳನ್ನು ಆ ಚೀಲದಲ್ಲಿ ಇಟ್ಟು ಹೋಗುತ್ತದೆ. ಅಲ್ಲಿಂದ ಮುಂದಿನ ಜವಾಬ್ದಾರಿ ಪೂರ್ತಿ ಅಪ್ಪನದು. ಚೀಲದ ಗೋಡೆಯಿಂದಲೇ ಮರಿಗಳಿಗೆ ಪ್ರಾಣವಾಯು ಸಿಗುತ್ತದೆ. ಒಳಗಿನ ನೀರಿನ ಉಪ್ಪು ಮೆಲ್ಲಮೆಲ್ಲನೆ ಕಡಲ ನೀರಿನ ಉಪ್ಪಿಗೆ ಸಮನಾಗುತ್ತದೆ, ಹೊರಗೆ ಬಂದ ಕೂಸಿಗೆ ನೀರು ಒಗ್ಗದೇ ಹೋಗಬಾರದಲ್ಲ! ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ದಿನ ತುಂಬುತ್ತದೆ. ಆಮೇಲೆ ಅಪ್ಪ ಬಗ್ಗಿ, ಎದ್ದು, ಹೊಟ್ಟೆ ಹಿಂಡಿ ಮರಿಗಳನ್ನು ಹೊರಗೆ ತಳ್ಳುತ್ತದೆ. ನೋಡಿದವರು ಇದನ್ನು ಹೆರಿಗೆ ನೋವೆಂದೇ ಕರೆಯುತ್ತಾರೆ. ಜಾತಿಗೆ ತಕ್ಕಂತೆ ಕೆಲವು ಹತ್ತರಿಂದ ಸಾವಿರಕ್ಕೂ ಹೆಚ್ಚು ಮರಿಗಳು ಹುಟ್ಟುವುದುಂಟು. ಆದರೆ ದೊಡ್ಡವಾಗುವುದು ಬೆರಳೆಣಿಕೆಯಷ್ಟು ಮಾತ್ರ.

ಇವುಗಳ ದಾಂಪತ್ಯವೂ ಸೊಗಸು. ಹೆಚ್ಚಿನ ಜಾತಿಗಳಲ್ಲಿ ಒಂದು ಋತು ಪೂರ್ತಿ ಒಂದು ಗಂಡಿಗೆ ಒಂದೇ ಹೆಣ್ಣು. ದಿನಾ ಬೆಳಿಗ್ಗೆ ಹೆಣ್ಣು ಗಂಡಿನ ಠಾವಿಗೆ ಬರುತ್ತದೆ. ಇಬ್ಬರೂ ಮೈಬಣ್ಣ ತಿಳಿಯಾಗಿಸಿಕೊಂಡು, ಒಂದೇ ಹುಲ್ಲಿನ ಎಸಳಿಗೆ ಬಾಲ ಸುತ್ತಿ, ಒಂದಷ್ಟು ಹೊತ್ತು ಕುಣಿದು ಬೇರೆಯಾಗುತ್ತಾರೆ. ಕೆನಡಾದ ಅಮಾಂಡಾ ವಿನ್ಸೆಂಟ್ ಎಂಬಾಕೆ ನೀರಿನೊಳಗೆ ಮುಳುಗಿ ಗಂಟೆಗಟ್ಟಲೆ ಕಾದು ಇದನ್ನು ಕಂಡರು. ಕಡಲ್ಗುದುರೆಗಳನ್ನು ಅವುಗಳ ಮನೆಯಲ್ಲೇ ಹೀಗೆ ಅಭ್ಯಾಸ ಮಾಡಿದವರಲ್ಲಿ ಆಕೆಯೇ ಮೊದಲಿಗರು.

ಈ ಸೊಗಸೇ ಅವುಗಳಿಗೆ ಮುಳುವಾಗಿದೆ, ನೋಡಿ. ಜೋಡಿಯಲ್ಲಿ ಒಂದನ್ನು ಹಿಡಿದರೆ ಉಳಿದದ್ದಕ್ಕೆ ಬೇಗ ಇನ್ನೊಂದು ಜೋಡಿ ಸಿಗುವುದಿಲ್ಲ. ಬಸುರಿ ಗಂಡನ್ನು ಹಿಡಿದರೆ ಹೊಟ್ಟೆಯೊಳಗಿನ ಮರಿಗಳೂ ಹೋದ ಹಾಗೆಯೇ. ದೂರ ಈಜಲಾರದ ಕಾರಣ ಒಂದು ಕಡೆ ಬರಿದಾದರೆ ಬೇರೆ ಕಡೆಯಿಂದ ಬಂದು ತುಂಬುವುದೂ ಕಷ್ಟ.

ನೆಂಟರಿಷ್ಟರ ಬಳಗ

ಕಡಲ್ಗುದುರೆಯ ಒಡಹುಟ್ಟಿದವರು ಕೊಳವೆ ಮೀನುಗಳು. ಕುದುರೆಯನ್ನು ಹಿಡಿದು ನೆಟ್ಟಗೆ ಎಳೆದಂತೆ ಇರುತ್ತವೆ. ಅಲ್ಲಿಯೂ ಮೊಟ್ಟೆ ಹೊರುವುದು ಗಂಡೇ. ದಕ್ಷಿಣ ಆಸ್ಟ್ರೇಲಿಯಾದ ಕಡಲಲ್ಲಿ ಎಲೆಗಳ ಗೊಂಚಲಿನಂತೆ ಕಾಣುವ ‘ಎಲೆ ಕಡಲ್‌ಡ್ರ್ಯಾಗನ್’ ಇದೆ; ಅದರ ಗಂಡು ಬಾಲದ ಅಡಿಯಲ್ಲಿ ಮೊಟ್ಟೆ ಅಂಟಿಸಿಕೊಂಡು ತಿರುಗುತ್ತದೆ. ದಕ್ಷಿಣ ಆಫ್ರಿಕಾದ ಒಂದೆರಡು ನದಿಮುಖಗಳಲ್ಲಿ ಮಾತ್ರ ಉಳಿದಿರುವ ಒಂದು ಕೊಳವೆ ಮೀನನ್ನಂತೂ 1990ರ ದಶಕದಲ್ಲಿ ಅಳಿದೇಹೋಯಿತೆಂದು ಭಾವಿಸಿದ್ದರು. ಆಮೇಲೆ ಮತ್ತೆ ಕಂಡಿತು. ಈಗಲೂ ಅದರ ಜೀವ ಒಂದು ಎಳೆಯ ಮೇಲೆ ನಿಂತಿದೆ.

ಇನ್ನು ‘ಸ್ಟಿಕಲ್‌ಬ್ಯಾಕ್’ ಎಂಬ ಬೆನ್ನುಮುಳ್ಳಿನ ಮೀನು. ಹಿಂದೆ ಪಂಡಿತರು ಇದನ್ನೂ ಇದೇ ಬಳಗಕ್ಕೆ ಸೇರಿಸುತ್ತಿದ್ದರು. ಈಗ ದೂರದ ನೆಂಟ ಅನ್ನುತ್ತಾರೆ. ಯುರೋಪು, ಅಮೆರಿಕಗಳ ತಣ್ಣನೆಯ ನೀರಿನ ಮೀನು ಇದು. ಇದರ ಗಂಡು ಮನೆಯನ್ನೇ ಕಟ್ಟುತ್ತದೆ! ನಾರು, ಪಾಚಿಗಳನ್ನು ತಂದು ತನ್ನ ಮೂತ್ರಪಿಂಡದಿಂದ ಒಸರುವ ಅಂಟಿನಿಂದ ಬಿಗಿದು ಗೂಡು ಮಾಡಿ, ಹೊಟ್ಟೆ ಕೆಂಪಾಗಿಸಿಕೊಂಡು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಬೀಸಣಿಗೆ ಹಾಕಿದಂತೆ ರೆಕ್ಕೆಯಿಂದ ಗಾಳಿನೀರು ಬೀಸುತ್ತಾ ಕಾಯುತ್ತದೆ. ನಿಕೋ ಟಿನ್‌ಬರ್ಗನ್ ಎಂಬ ವಿಜ್ಞಾನಿ ಕಿಟಕಿಯ ಪಕ್ಕದ ತೊಟ್ಟಿಯಲ್ಲಿ ಇವುಗಳನ್ನು ಸಾಕಿದ್ದರು. ಹೊರಗೆ ಕೆಂಪು ಬಣ್ಣದ ಅಂಚೆ ಗಾಡಿ ಹೋದರೆ ಸಾಕು, ಗಂಡುಗಳೆಲ್ಲ ಎದುರಾಳಿ ಬಂದನೆಂದು ಆ ಕಡೆಗೆ ನುಗ್ಗುತ್ತಿದ್ದವಂತೆ! ಪ್ರಾಣಿಗಳ ನಡವಳಿಕೆಯ ಅಭ್ಯಾಸಕ್ಕಾಗಿ ಟಿನ್‌ಬರ್ಗನ್ ಅವರಿಗೆ 1973ರಲ್ಲಿ ನೊಬೆಲ್ ಬಹುಮಾನ ಹಂಚಿಕೆಯಾಗಿ ಬಂತು.

ಕೆನಡಾದ ಕೆಲವು ಸರೋವರಗಳಲ್ಲಿ ಬೇರೆಲ್ಲೂ ಇಲ್ಲದ ಸ್ಟಿಕಲ್‌ಬ್ಯಾಕ್ ಜೋಡಿಜಾತಿಗಳಿದ್ದವು. ಹ್ಯಾಡ್ಲಿ ಎಂಬ ಸರೋವರಕ್ಕೆ ಹೊರಗಿನ ಒಂದು ಮೀಸೆಮೀನನ್ನು ತಂದು ಬಿಟ್ಟಿದ್ದರಿಂದ ಅಲ್ಲಿಯ ಜೋಡಿ ನಿರ್ನಾಮವಾಯಿತು. ಹೊರಗಿನಿಂದ ಬಂದ ಒಂದೇ ಒಂದು ಜೀವಿ ಸಾವಿರಾರು ವರ್ಷಗಳ ಸಂಸಾರವನ್ನು ಹೀಗೆ ಕೆಡಿಸಬಲ್ಲದು.

ಒಣಗಿಸಿದ ಕುದುರೆಗೆ ಗಿರಾಕಿ

ಹಾಗಾದರೆ ಕಡಲ್ಗುದುರೆಯನ್ನು ಹಿಡಿಯುವುದು ಯಾಕೆ? ಊಟಕ್ಕಂತೂ ಅಲ್ಲ, ಅದರ ಮೈಯಲ್ಲಿ ತಿನ್ನಲು ಏನಿದೆ! ಒಣಗಿಸಿ ಮಾರುತ್ತಾರೆ. ಚೀನಾದ ನಾಟಿ ವೈದ್ಯದಲ್ಲಿ ಉಬ್ಬಸಕ್ಕೆ, ನಿಶ್ಶಕ್ತಿಗೆ, ಅದಕ್ಕಿಂತ ಹೆಚ್ಚಾಗಿ ಗಂಡಸರ ದೌರ್ಬಲ್ಯಕ್ಕೆ ಇದನ್ನು ಮದ್ದೆಂದು ಕೊಡುತ್ತಾರೆ. ಯೋಚಿಸಿ ನೋಡಿ: ಮಕ್ಕಳನ್ನು ಹೊತ್ತು ಹೆರುವ ಗಂಡನ್ನು ಕೊಂದು, ಪುರುಷತ್ವಕ್ಕೆ ಪುಡಿ ಮಾಡುತ್ತಾರೆ! ಇನ್ನು ಕೆಲವನ್ನು ಗಾಜಿನ ತೊಟ್ಟಿಯಲ್ಲಿಡಲು, ಕೆಲವನ್ನು ಕೀಲಿಗೊಂಚಲು, ಅಲಂಕಾರದ ಸಾಮಾನುಗಳಿಗೆ ಹಿಡಿಯುತ್ತಾರೆ. 1990ರ ದಶಕದ ನಡುವಿನಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಕಡಲ್ಗುದುರೆಗಳ ವ್ಯಾಪಾರ ನಡೆಯುತ್ತಿತ್ತೆಂದು ವಿನ್ಸೆಂಟ್ ಲೆಕ್ಕ ಹಾಕಿದರು.

ಆಗ ನಮ್ಮ ಭಾರತವೂ ಒಣ ಕಡಲ್ಗುದುರೆಯನ್ನು ಹೊರಗೆ ಕಳಿಸುವ ದೇಶಗಳಲ್ಲಿ ಒಂದು. ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಗಳ ಆಳವಿಲ್ಲದ ಹುಲ್ಲುಗಾವಲಿನಂಥ ಕಡಲಲ್ಲಿ ಮುಳುಗುಗಾರರು ಕಡಲ ಸೌತೆಯ ಜೊತೆಗೆ ಇವನ್ನೂ ಆರಿಸಿ ತಂದು ಮಾರುತ್ತಿದ್ದರು.

ಕಾನೂನು ಬಂತು, ಬಲೆ ಬಿಡಲಿಲ್ಲ

2001ರಲ್ಲಿ ನಮ್ಮ ಸರ್ಕಾರ ಕಡಲ್ಗುದುರೆ, ಕೊಳವೆ ಮೀನುಗಳನ್ನೆಲ್ಲ ವನ್ಯಜೀವಿ ರಕ್ಷಣಾ ಕಾಯಿದೆಯ ಮೊದಲನೇ ಪಟ್ಟಿಗೆ ಸೇರಿಸಿತು. ಹುಲಿ, ಆನೆಗಳಿರುವ ಪಟ್ಟಿ ಅದು! ಹಿಡಿಯುವುದು, ಮಾರುವುದು ಎರಡೂ ಅಪರಾಧ. 2002ರಲ್ಲಿ ‘ಸೈಟ್ಸ್’ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ದೇಶಗಳು ಸೇರಿ, ಕಡಲ್ಗುದುರೆಯ ವ್ಯಾಪಾರಕ್ಕೆ ಕಡಿವಾಣ ಹಾಕಲು ಒಪ್ಪಿದವು. 2004ರ ಮೇ ತಿಂಗಳಿಂದ ಅದು ಜಾರಿಗೆ ಬಂತು.

ಸರಿ, ಸಮಸ್ಯೆ ಮುಗಿಯಿತಲ್ಲ ಅನ್ನುತ್ತೀರಾ? ಇಲ್ಲಿಯೇ ಇರುವುದು ನೋಡಿ ಕಷ್ಟ. ಇಂದು ಹೆಚ್ಚಿನ ಕಡಲ್ಗುದುರೆಗಳು ಸಾಯುವುದು ಅವನ್ನೇ ಹುಡುಕಿ ಹೋದವರಿಂದಲ್ಲ. ಕಡಲ ತಳವನ್ನು ಕೆರೆದು ಸಾಗುವ ಟ್ರಾಲ್ ಬಲೆಯಲ್ಲಿ ಸಿಗಡಿಯ ಜೊತೆಗೆ ಅವೂ ಬರುತ್ತವೆ. ಒಂದು ದೋಣಿಗೆ ದಿನಕ್ಕೆ ಸಿಗುವುದು ಒಂದೋ ಎರಡೋ. ಆದರೆ ದೋಣಿಗಳೆಷ್ಟು? ದಿನಗಳೆಷ್ಟು? 2017ರಲ್ಲಿ ಪ್ರಕಟವಾದ ಒಂದು ಅಭ್ಯಾಸದ ಪ್ರಕಾರ, 21 ದೇಶಗಳಲ್ಲಿ ಹೀಗೆ ಬಲೆಗೆ ಬೀಳುವ ಕಡಲ್ಗುದುರೆಗಳು ವರ್ಷಕ್ಕೆ ಸುಮಾರು 3 ಕೋಟಿ 70 ಲಕ್ಷ! ಹನಿ ಹನಿ ಕೂಡಿ ಹಳ್ಳ ಅನ್ನುತ್ತೇವೆ. ಇಲ್ಲಿ ಹನಿ ಹನಿಯಾಗಿಯೇ ಹಳ್ಳ ಬತ್ತುತ್ತಿದೆ. ಹಾಂಗ್‌ಕಾಂಗಿನ ಅಂಗಡಿಗಳಲ್ಲಿ ವಿಚಾರಿಸಿದಾಗಲೂ, ಅಲ್ಲಿಯ ಒಣ ಕಡಲ್ಗುದುರೆಗಳಲ್ಲಿ ನೂರಕ್ಕೆ 95ರಷ್ಟು ರಫ್ತು ನಿಷೇಧವಿರುವ ದೇಶಗಳಿಂದಲೇ ಬಂದವೆಂದು ತಿಳಿಯಿತು.

ಮೀನುಗಾರನ ಕಡೆಯ ಮಾತನ್ನೂ ಕೇಳಬೇಕು. ಮುಳುಗಿ ಕೈಯಿಂದ ಆರಿಸುತ್ತಿದ್ದ ಬಡವನ ಹೊಟ್ಟೆಯ ಮೇಲೆ 2001ರ ಕಾನೂನು ಒಂದೇ ದಿನದಲ್ಲಿ ಬರೆ ಹಾಕಿತು. ದೊಡ್ಡ ಟ್ರಾಲ್ ದೋಣಿ ಮಾತ್ರ ಎಂದಿನಂತೆ ತಳ ಕೆರೆಯುತ್ತಲೇ ಇದೆ. ಬಲೆ ಎತ್ತುವಾಗಲೇ ಸತ್ತುಹೋದ ಕುದುರೆಯನ್ನು ಮರಳಿ ನೀರಿಗೆ ಎಸೆದರೆ ಅದು ಬದುಕುವುದೇ? ಆ ಪ್ರಶ್ನೆಗೆ ಬರೀ ಜುಲ್ಮಾನೆಯಿಂದ ಉತ್ತರ ಸಿಗದು. ಕಡಲ್ಗುದುರೆ ಇರುವ ಜಾಗದಿಂದ ಬಲೆಯನ್ನೇ ದೂರ ಇಡಬೇಕು. ವಿನ್ಸೆಂಟ್ ಮತ್ತು ಅವರ ಸಂಗಡಿಗರು ಹೇಳುತ್ತಿರುವುದೂ ಅದನ್ನೇ.

ಗೆದ್ದ ಕಥೆಗಳೂ ಇವೆ

ಫಿಲಿಪ್ಪೀನ್ಸ್ ದೇಶದ ಹಂಡುಮೋನ್ ಎಂಬ ಹಳ್ಳಿಯವರು ರಾತ್ರಿ ಲಾಂದ್ರ ಹಿಡಿದು ಕಡಲ್ಗುದುರೆ ಹುಡುಕುತ್ತಿದ್ದವರು. 1995ರಲ್ಲಿ ಅವರೇ ತಮ್ಮ ಕಡಲಿನ ಒಂದು ಭಾಗದಲ್ಲಿ ಯಾರೂ ಏನನ್ನೂ ಹಿಡಿಯಬಾರದೆಂದು ಕಟ್ಟು ಮಾಡಿಕೊಂಡರು. ನಮ್ಮ ಹಳ್ಳಿಗಳ ದೇವರಕಾಡು ಇದ್ದ ಹಾಗೆ! ಅದನ್ನು ನೋಡಿ ಸುತ್ತಲಿನ ಹಳ್ಳಿಗಳೂ ಇಂಥ ಕಾವಲು ಜಾಗಗಳನ್ನು ಮಾಡಿಕೊಂಡವು. ಇದರ ಬೆನ್ನಿಗೆ ನಿಂತದ್ದು ವಿನ್ಸೆಂಟ್ ಮತ್ತು ಹೆದರ್ ಕೋಲ್ಡ್ವಿ 1996ರಲ್ಲಿ ಕಟ್ಟಿದ ‘ಪ್ರಾಜೆಕ್ಟ್ ಸೀಹಾರ್ಸ್’ ಎಂಬ ಸಂಸ್ಥೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಇನ್ನೊಂದು ಉಪಾಯ ಮಾಡಿದರು. ಅಲ್ಲಿ ಕಡಲ್ಗುದುರೆಗಳಿಗೆ ಬಾಲ ಸುತ್ತಲು ಹವಳ, ಸ್ಪಂಜುಗಳೇ ಇಲ್ಲವಾಗುತ್ತಿದ್ದವು. ತಂತಿಯ ಪಂಜರಗಳನ್ನು ಕಡಲ ತಳದಲ್ಲಿಟ್ಟರು. ಅವುಗಳ ಮೇಲೆ ಪಾಚಿ, ಸ್ಪಂಜು ಬೆಳೆದು ಮನೆಯಾಯಿತು. ತಂತಿ ತುಕ್ಕು ಹಿಡಿದು ಮೆಲ್ಲನೆ ಕರಗುತ್ತದೆ, ಮನೆ ಉಳಿಯುತ್ತದೆ. ಸಾಕಿ ಬೆಳೆಸಿದ ಮರಿಗಳನ್ನು 2020ರಲ್ಲಿ ಅಲ್ಲಿಗೆ ಬಿಟ್ಟರು. ಇದಕ್ಕೆ ‘ಕಡಲ್ಗುದುರೆ ಹೋಟೆಲ್’ ಅಂತ ಹೆಸರು!

ನಮ್ಮಲ್ಲಿ ತಮಿಳುನಾಡು ಸರ್ಕಾರ 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರ್ ಕಡಲನ್ನು ಕಡಲಹಸುವಿನ ರಕ್ಷಿತ ಪ್ರದೇಶವೆಂದು ಸಾರಿತು. ಹಸುವಿಗಾಗಿ ಹುಲ್ಲು ಉಳಿದರೆ ಆ ಹುಲ್ಲಿನಲ್ಲೇ ಕುದುರೆಯೂ ಉಳಿದೀತು.

ನಾವೇನು ಮಾಡಬಹುದು?

‘ಅಡಿಗೆಮನೆಯಲ್ಲಿ ಕೂತ ನಮ್ಮಿಂದೇನಾದೀತು?’ ಅನ್ನಬೇಡಿ. ಮನೆಗೆ ಏನು ತರಬೇಕು, ಏನು ತರಬಾರದು ಅಂತ ತೀರ್ಮಾನಿಸುವವರು ನಾವೇ ತಾನೇ?

• ರಾಮೇಶ್ವರ, ಕನ್ಯಾಕುಮಾರಿ ಯಾತ್ರೆಗೆ ಹೋದಾಗ ಒಣಗಿಸಿದ ಕಡಲ್ಗುದುರೆ, ಹವಳ ಯಾರಾದರೂ ತೋರಿಸಿದರೆ ಕೊಳ್ಳಬೇಡಿ. ಮಾರುವವನಿಗೆ ಮಾತ್ರವಲ್ಲ, ಕೊಂಡು ತಂದವರಿಗೂ ಕಾನೂನಿನ ತೊಡಕುಂಟು.

• ಮಕ್ಕಳು ಹಟ ಹಿಡಿದರೂ ಮನೆಯ ಗಾಜಿನ ತೊಟ್ಟಿಗೆ ಕಡಲ್ಗುದುರೆ ತರಬೇಡಿ. ಅದಕ್ಕೆ ಉಪ್ಪುನೀರು ಬೇಕು, ದಿನಕ್ಕೆ ಹಲವು ಸಲ ಸಣ್ಣ ಆಹಾರ ಬೇಕು. ಕಡಲಿನಿಂದ ಹಿಡಿದು ತಂದದ್ದು ಹೆಚ್ಚಾಗಿ ಬೇಗನೆ ಸಾಯುತ್ತದೆ.

• ಇದರ ಪುಡಿಯಿಂದ ಉಬ್ಬಸ ಹೋಗುತ್ತದೆ, ಶಕ್ತಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಉಬ್ಬಸಕ್ಕೆ ಡಾಕ್ಟರರಿದ್ದಾರೆ.

• ಮೀನು ತಿನ್ನುವ ಮನೆಯವರು ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ರಜೆಯನ್ನು ಗೌರವಿಸಿ. ಆ ಎರಡು ತಿಂಗಳು ನಾಡದೋಣಿಯವರು ತಂದ ಮೀನೋ, ಮೊದಲೇ ಒಣಗಿಸಿಟ್ಟ ಮೀನೋ ಸಾಕು. ನಮ್ಮ ಮಂಗಳೂರು, ಮಲ್ಪೆಗಳಲ್ಲೂ ಟ್ರಾಲ್ ಬಲೆಗೆ ಸಿಕ್ಕ ಸಣ್ಣಪುಟ್ಟ ಮೀನು, ಮರಿಗಳು ರಾಶಿರಾಶಿಯಾಗಿ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತವೆ. ಬೆರಳುದ್ದದ ಮರಿಮೀನನ್ನು ಅಗ್ಗವೆಂದು ಕೊಳ್ಳುವ ಮೊದಲು ಒಂದು ಗಳಿಗೆ ಯೋಚಿಸಿ.

• ಕರಾವಳಿಯ ಸೋದರಿಯರೇ, ನಿಮ್ಮೂರ ಅಳಿವೆಯ ಕಾಂಡ್ಲಾ ಗಿಡಗಳನ್ನು ಕಡಿಯಲು ಬಿಡಬೇಡಿ. ಎಷ್ಟೋ ಮೀನುಮರಿಗಳಿಗೆ ಅದೇ ತವರುಮನೆ.

ಮಕ್ಕಳಿಗೆ ಮಲಗುವ ಮುನ್ನ ಕಥೆ ಹೇಳುವಾಗ ಏಳು ಸಮುದ್ರದಾಚೆಯ ರಾಜಕುಮಾರನ ಬಿಳಿ ಕುದುರೆಯ ಜೊತೆಗೆ ಸಮುದ್ರದೊಳಗಿನ ಈ ಕುದುರೆಯ ಕಥೆಯನ್ನೂ ಸೇರಿಸಿ. ಗಂಡುಮಕ್ಕಳಿಗೆ ಮರೆಯದೆ ಹೇಳಿ! ಮಕ್ಕಳನ್ನು ಹೊತ್ತು ಸಾಕುವುದು ಗಂಡಿಗೆ ಕೀಳಲ್ಲ ಅನ್ನುವುದನ್ನು ಆ ಪುಟ್ಟ ಮೀನಿಗಿಂತ ಚೆನ್ನಾಗಿ ಇನ್ಯಾರು ಕಲಿಸಿಯಾರು?