ಆಪರೇಷನ್ ಆಯಿತು, ಕೊಡ ಎತ್ತುವುದು ಯಾವಾಗ?

ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಭಾರ ಎತ್ತಬಾರದು. ಡಾಕ್ಟರು ಬಾಯಲ್ಲೂ ಅದನ್ನೇ ಹೇಳುತ್ತಾರೆ. "ಮೂರು ತಿಂಗಳು ಭಾರ ಎತ್ತಬೇಡಿ ಅಮ್ಮ." ಅಮ್ಮ ತಲೆಯಾಡಿಸಿ ಬಸ್ಸು ಹತ್ತುತ್ತಾರೆ. ಮನೆಗೆ ಬಂದ ಮೇಲೆ ಲೆಕ್ಕ ಶುರುವಾಗುತ್ತದೆ. ಭಾರ ಅಂದರೆ ಎಷ್ಟು? ಸೆಗಣಿ ಪುಟ್ಟಿ ಭಾರವೇ? ಅರ್ಧ ತುಂಬಿದ ಕೊಡ? ಸೊಂಟಕ್ಕೆ ಏರಲು ಅಳುವ ಮೊಮ್ಮಗು? ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವವಳು ಏನನ್ನೂ ಎತ್ತುವುದಿಲ್ಲವಲ್ಲ, ಅವಳು ಮುಂದಿನ ವಾರವೇ ಹೋಗಬಹುದೇ?

ಇದನ್ನೆಲ್ಲ ಕೇಳಲು ಸಂಕೋಚ. ಗರ್ಭಕೋಶ ಜಾರಿದೆ ಎಂದು ಹೇಳಿಕೊಳ್ಳುವುದಕ್ಕೇ ಎಷ್ಟೋ ಹೆಂಗಸರಿಗೆ ವರ್ಷಗಳು ಹಿಡಿದಿರುತ್ತವೆ. ಕೊನೆಗೂ ಆಪರೇಷನ್ ಮಾಡಿಸಿಕೊಂಡ ಮೇಲೆ "ಇನ್ನು ಯಾವಾಗ ಕೆಲಸಕ್ಕೆ ಹೋಗಲಿ" ಎಂದು ಕೇಳಿದರೆ ಒಂದು ತಾರೀಖು ಸಿಗುತ್ತದೆ. ನನ್ನ ಪ್ರಕಾರ ತಾರೀಖೊಂದೇ ಸಾಲದು. ಕೆಲಸ ಎಂಬುದು ಒಂದೇ ಗಂಟಲ್ಲ. ಅದನ್ನು ಬಿಚ್ಚಿ, ಯಾವ ತುಂಡಿಗೆ ಯಾವಾಗ ಕೈ ಹಾಕಬಹುದು ಎಂದು ಕೇಳಬೇಕು. ಅದು ತಿಳಿಯಬೇಕಾದರೆ ಒಳಗೆ ಏನು ನಡೆದಿದೆ ಎಂಬುದು ಗೊತ್ತಿರಬೇಕು.

ಸೊಂಟದ ಎಲುಬುಗಳ ನಡುವೆ ಸ್ನಾಯುಗಳ ಒಂದು ಜೋಲಿ ಕಟ್ಟಿದೆ ಅಂದುಕೊಳ್ಳಿ. ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಮಲಾಶಯ, ಮೂರೂ ಆ ಜೋಲಿಯ ಮೇಲೆ ಕೂತಿವೆ. ಅವುಗಳನ್ನು ಅಕ್ಕಪಕ್ಕದ ಎಲುಬಿಗೆ ಹಿಡಿದಿಟ್ಟ ಹಗ್ಗಗಳಂಥ ಕಟ್ಟುಗಳೂ ಇವೆ. ಹೆರಿಗೆಗಳಲ್ಲಿ ಜೋಲಿ ಹಿಗ್ಗುತ್ತದೆ, ಕೆಲವೊಮ್ಮೆ ಒಂದು ಬದಿ ಹರಿಯುತ್ತದೆ. ಆಮೇಲೆ ಮುಟ್ಟು ನಿಲ್ಲುವ ವಯಸ್ಸು, ಹಳೆಯ ಕೆಮ್ಮು, ಮಲಬದ್ಧತೆ, ವರ್ಷಗಟ್ಟಲೆ ಹೊತ್ತ ಹೊರೆ ಸೇರಿ ಹಗ್ಗ ಸಡಿಲವಾಗುತ್ತದೆ. ಕೆಳಗೆ ಏನೋ ಗಂಟು ಬಂದ ಹಾಗೆ, ಸಂಜೆಯಾದರೆ ಎಳೆದ ಹಾಗೆ ಆಗುವುದು ಇದರಿಂದ.

ನಮ್ಮಲ್ಲಿ ಈ ಆಪರೇಷನ್ನಿಗೆ "ಗರ್ಭಕೋಶ ತೆಗೆಸೋದು" ಎಂದೇ ಹೆಸರು. ಉತ್ತರ ಕರ್ನಾಟಕದಲ್ಲಿ "ಚೀಲ ತೆಗೆಸೋದು". ಈ ಹೆಸರಿನಿಂದಲೇ ಅರ್ಧ ತಪ್ಪು ಕಲ್ಪನೆ ಹುಟ್ಟುತ್ತದೆ. ಜೋಲಿಯ ಹಗ್ಗ ಸಡಿಲವಾದರೆ ಮಗುವನ್ನು ಎತ್ತಿಕೊಂಡ ಮಾತ್ರಕ್ಕೆ ಹಗ್ಗ ಬಿಗಿಯಾದೀತೇ? ಗರ್ಭಕೋಶ ತೆಗೆಯುವುದು ಆಪರೇಷನ್ನಿನ ಒಂದು ಭಾಗ, ಕೆಲವು ವಿಧಾನಗಳಲ್ಲಿ ಅದೂ ಇಲ್ಲ. ನಿಜವಾದ ರಿಪೇರಿಯೆಂದರೆ ಯೋನಿಯ ಮುಂದಿನ ಮತ್ತು ಹಿಂದಿನ ಗೋಡೆಗಳನ್ನು ಬಿಗಿಮಾಡಿ ಹೊಲಿಯುವುದು, ಮೇಲಿನ ತುದಿಯನ್ನು ಗಟ್ಟಿ ಕಟ್ಟಿಗೆ ಬಿಗಿಯುವುದು. ಅದು ಸಡಿಲಿದರೆ ಗರ್ಭಕೋಶ ಇಲ್ಲದಿದ್ದರೂ ಯೋನಿಯ ತುದಿಯೇ ಕೆಳಗಿಳಿಯುತ್ತದೆ. ಚೀಲವೇ ಇಲ್ಲವಲ್ಲ, ಇನ್ನೇನು ಜಾರೀತು ಎಂಬ ಧೈರ್ಯದಲ್ಲಿ ಮೂಟೆಗೆ ಕೈ ಹಾಕುವವರು ಎಡವುವುದು ಇಲ್ಲೇ.

ಇನ್ನೊಂದು ತೊಂದರೆ, ಗಾಯ ಕಾಣದಿರುವುದು. ಸಿಸೇರಿಯನ್ ಆದವಳ ಹೊಟ್ಟೆಯ ಮೇಲೆ ಹೊಲಿಗೆ ಇರುತ್ತದೆ, ಅತ್ತೆಗೂ ಅದು ಕಾಣುತ್ತದೆ. ಈ ಆಪರೇಷನ್ ಹೆಚ್ಚಾಗಿ ಕೆಳಗಿನಿಂದಲೇ ಆಗುವುದರಿಂದ ಹೊರಗೆ ಒಂದು ಗೀರೂ ಇರುವುದಿಲ್ಲ. ಲ್ಯಾಪ್ರೊಸ್ಕೋಪಿಯಲ್ಲಿ ಆಗಿದ್ದರೆ ಮೂರು ನಾಲ್ಕು ಚಿಕ್ಕ ತೂತು, ಅಷ್ಟೇ. ಹತ್ತು ದಿನಕ್ಕೆ ಓಡಾಡಿಕೊಂಡಿರುವ ಸೊಸೆಯನ್ನು ನೋಡಿ "ಚೆನ್ನಾಗೇ ಇದ್ದಾಳಲ್ಲ" ಅನ್ನಿಸಿದರೆ ಆಶ್ಚರ್ಯವಿಲ್ಲ. ಸ್ವತಃ ಅವಳಿಗೂ ಹಾಗೇ ಅನ್ನಿಸುತ್ತದೆ.

ಒಳಗಿನ ಹೊಲಿಗೆಗೆ ಸಾಮಾನ್ಯವಾಗಿ ಬಳಸುವುದು ತಾನಾಗಿ ಕರಗುವ ದಾರ. ಬಹಳ ಕಡೆ ಬಳಕೆಯಲ್ಲಿರುವ ವಿಕ್ರಿಲ್ ದಾರದ ಬಲ ಮೂರು ವಾರಕ್ಕೆ ಸುಮಾರು ಅರ್ಧಕ್ಕಿಳಿಯುತ್ತದೆ, ಐದನೆಯ ವಾರದ ಹೊತ್ತಿಗೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ದಾರ ಪೂರ್ತಿ ಕರಗಿ ಮಾಯವಾಗಲು 56ರಿಂದ 70 ದಿನ. ಇತ್ತ ನಿಮ್ಮದೇ ಅಂಗಾಂಶ ನಿಧಾನವಾಗಿ ಬೆಸೆದುಕೊಳ್ಳುತ್ತಿರುತ್ತದೆ. ಯಾವುದೇ ಗಾಯ ಮೂರನೆಯ ವಾರಕ್ಕೆ ತನ್ನ ಮೊದಲಿನ ಬಲದ ಮೂರರಲ್ಲೊಂದು ಪಾಲನ್ನೂ ಮುಟ್ಟಿರುವುದಿಲ್ಲ. ಶೇಕಡಾ 80ರ ಹತ್ತಿರ ಬರಲು ಮೂರು ತಿಂಗಳು ಬೇಕು. ಅಂದರೆ ಮೂರನೆಯ ವಾರದಿಂದ ಆರನೆಯ ವಾರದವರೆಗೆ ದಾರವೂ ಸೋತಿದೆ, ಮೈಯೂ ಇನ್ನೂ ಗಟ್ಟಿಯಾಗಿಲ್ಲ. ನೋವು ಹೋಗಿ, ಹಸಿವು ಬಂದು, ಮೈ ಹಗುರವಾಗುವುದೂ ಅದೇ ಮೂರನೆಯ ವಾರದಲ್ಲಿ. ಎಲ್ಲಕ್ಕಿಂತ ಎಚ್ಚರವಾಗಿರಬೇಕಾದ ದಿನಗಳು ಇವು. ಡಾಕ್ಟರು ಹೇಳುವ ಆರು ವಾರ, ಹನ್ನೆರಡು ವಾರಗಳ ಲೆಕ್ಕಕ್ಕೂ ಬುಡ ಇದೇ.

ಈಗ ಭಾರದ ಮಾತು. ಮೊದಲ ಆರು ವಾರ ಐದು ಕಿಲೋಗಿಂತ ಹೆಚ್ಚು ಬೇಡ ಎಂದು ಅನೇಕ ವೈದ್ಯರು ಹೇಳುತ್ತಾರೆ, ಹತ್ತರವರೆಗೆ ಬಿಡುವವರೂ ಉಂಟು. ಅದನ್ನು ಮನೆಯ ಸಾಮಾನಿಗೆ ಇಳಿಸಿ ನೋಡಿ. ಒಂದು ಲೀಟರ್ ನೀರಿಗೆ ಒಂದು ಕಿಲೋ. ಹದಿನೈದು ಲೀಟರಿನ ಪ್ಲಾಸ್ಟಿಕ್ ಕೊಡ ತುಂಬಿದರೆ ಹದಿನೈದು ಕಿಲೋ ದಾಟಿತು. ತಾಮ್ರದ್ದಾದರೆ ಇನ್ನೂ ಜಾಸ್ತಿ. ಕುಡಿಯುವ ನೀರಿನ ಕ್ಯಾನು 20 ಕಿಲೋ. ಗ್ಯಾಸ್ ಸಿಲಿಂಡರಿನಲ್ಲಿ ಗ್ಯಾಸು 14.2 ಕಿಲೋ, ಖಾಲಿ ಸಿಲಿಂಡರು ಹೆಚ್ಚುಕಡಿಮೆ ಅಷ್ಟೇ, ಸೇರಿ 30ರ ಆಸುಪಾಸು. ಯೂರಿಯಾ ಚೀಲ 45, ಸಿಮೆಂಟ್ ಚೀಲ 50. ಒದ್ದೆ ಬಟ್ಟೆ ತುಂಬಿದ ಬಕೆಟ್ಟನ್ನು ಯಾರೂ ಭಾರದ ಪಟ್ಟಿಗೆ ಸೇರಿಸುವುದಿಲ್ಲ, ಸೇರಿಸಬೇಕು.

ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಈ ಕಿಲೋ ಲೆಕ್ಕಕ್ಕೆ ಕಲ್ಲಿನಲ್ಲಿ ಕೊರೆದಂಥ ಆಧಾರವಿಲ್ಲ. ಹೊಟ್ಟೆಯೊಳಗಿನ ಒತ್ತಡವನ್ನು ಅಳೆದು ನೋಡಿದಾಗ, ಬೇಡವೆಂದು ತಡೆಯುವ ಎಷ್ಟೋ ಕೆಲಸಗಳಲ್ಲಿ ಏಳುವ ಒತ್ತಡ ಕುರ್ಚಿಯಿಂದ ಎದ್ದು ನಿಲ್ಲುವಾಗಿನ ಒತ್ತಡಕ್ಕಿಂತ ಹೆಚ್ಚೇನಿಲ್ಲ ಎಂದು ಕಂಡುಬಂದಿದೆ. ಜೋರು ಕೆಮ್ಮಿನದು ಇವಕ್ಕಿಂತ ಎಷ್ಟೋ ಜಾಸ್ತಿ. ಅಮೆರಿಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಆಪರೇಷನ್ ಆದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಟ್ಟುನಿಟ್ಟು, ಇನ್ನೊಂದಕ್ಕೆ ಸಡಿಲ ಬಿಟ್ಟು ನೋಡಿದರು. ಮೂರು ತಿಂಗಳಿಗೆ ಸಡಿಲ ಬಿಟ್ಟವರ ಸ್ಥಿತಿ ಕೆಟ್ಟಿರಲಿಲ್ಲ. ಹಾಗಾಗಿ ಹಾಸಿಗೆ ಬಿಟ್ಟೇಳದೆ ಮಲಗಿರುವುದರಲ್ಲಿ ಅರ್ಥವಿಲ್ಲ. ಮೊದಲ ದಿನದಿಂದಲೇ ನಡೆಯಬೇಕು, ಮಲಗಿಯೇ ಇದ್ದರೆ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆದರೆ ಆ ಅಧ್ಯಯನಗಳು ನೋಡಿದ್ದು ನಡಿಗೆ, ಮನೆಗೆಲಸ, ವ್ಯಾಯಾಮ, ದಿನನಿತ್ಯದ ಎತ್ತಿಳಿಸುವಿಕೆಯನ್ನು. ಸುಗ್ಗಿಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ಹೊರೆ ಹೊರುವ ಮೈಗೆ ಅದನ್ನು ಹಾಗೇ ಎತ್ತಿ ಹೇಳಲಾಗದು. ದುಡಿಮೆಯ ಹೆಂಗಸು ಹನ್ನೆರಡು ವಾರದ ಹಳೆಯ ಲೆಕ್ಕವನ್ನೇ ಹಿಡಿಯುವುದು ಮೇಲು.

ಹಾಗೆ ನೋಡಿದರೆ ತೂಕದಷ್ಟೇ ಮುಖ್ಯ, ಎಲ್ಲಿಂದ ಎತ್ತುತ್ತೀರಿ ಎಂಬುದು. ನೆಲದಿಂದ ಎತ್ತುವಾಗ ಏಳುವ ಒತ್ತಡ ಕಟ್ಟೆಯ ಮೇಲಿಂದ ಎತ್ತುವಾಗ ಏಳುವುದಿಲ್ಲ. ಕೊಡವನ್ನು ನಲ್ಲಿಕಟ್ಟೆಯ ಮೇಲೇ ಅರ್ಧ ತುಂಬಿಸಿ ಅಲ್ಲಿಂದಲೇ ಸೊಂಟಕ್ಕೆ ತಗೊಳ್ಳುವುದಕ್ಕೂ, ಬಾವಿಯ ಬುಡದಿಂದ ಉಸಿರು ಬಿಗಿಹಿಡಿದು ತಲೆಗೆ ಏರಿಸುವುದಕ್ಕೂ ಅಜಗಜಾಂತರ. ಉಸಿರು ಕಟ್ಟಿದಿರೋ ಒತ್ತಡವೆಲ್ಲ ಕೆಳಕ್ಕೇ. ಎತ್ತುವ ಗಳಿಗೆಯಲ್ಲಿ ಉಸಿರು ಬಿಡಿ. ಅದಕ್ಕೂ ಮುಂಚೆ ಕೆಳಗಿನ ಸ್ನಾಯುವನ್ನು ಬಿಗಿಹಿಡಿಯಿರಿ: ಮೂತ್ರವನ್ನೂ ಹೂಸನ್ನೂ ಒಟ್ಟಿಗೆ ತಡೆದಂತೆ. ಕೆಮ್ಮು, ಸೀನು ಬರುವಾಗಲೂ ಹೀಗೇ. ಇದನ್ನೇ ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಹತ್ತರಂತೆ, ಬಿಗಿ ಹಿಡಿದು ಸಡಿಲ ಬಿಟ್ಟು ಮಾಡಿದರೆ ಕೀಗಲ್ ವ್ಯಾಯಾಮ. ಆಪರೇಷನ್ ಆದ ಮೇಲೆ ಯಾವಾಗ ಶುರು ಮಾಡಬೇಕೆಂಬುದನ್ನು ಡಾಕ್ಟರನ್ನೇ ಕೇಳಿ. ಮೂತ್ರ ಮಾಡುತ್ತಾ ನಡುವೆ ತಡೆದು ಅಭ್ಯಾಸ ಮಾಡುವುದು ಮಾತ್ರ ತಪ್ಪು.

ಭಾರ ಎತ್ತದೆಯೂ ರಿಪೇರಿ ಹಾಳುಮಾಡುವುದು ಮುಕ್ಕುವುದು. ಕಟ್ಟಿಕೊಂಡ ಮಲಕ್ಕೆ ದಿನವೂ ಬೆಳಿಗ್ಗೆ ತಿಣುಕುವವಳು ಏನನ್ನೂ ಎತ್ತದಿದ್ದರೂ ಒಂದೇ. ನೀರು, ಸೊಪ್ಪು, ಬಾಳೆಹಣ್ಣು, ಬೇಕಾದರೆ ಇಸಬ್ಗೋಲು, ಅದೂ ಸಾಲದಿದ್ದರೆ ಡಾಕ್ಟರು ಬರೆದ ಸಿರಪ್ಪು. ಕೆಲಸಕ್ಕೆ ಮರಳಿದವರಲ್ಲಿ ಮಲಬದ್ಧತೆ ಮತ್ತೆ ಶುರುವಾಗುವುದಕ್ಕೆ ಕಾರಣ ಗೊತ್ತೇ ಇದೆ. ಗದ್ದೆಯ ಬದಿಯಲ್ಲಾಗಲಿ ಬೀದಿ ಗುಡಿಸುವಲ್ಲಾಗಲಿ ಶೌಚಾಲಯವಿಲ್ಲ, ಆದ್ದರಿಂದ ನೀರೇ ಕುಡಿಯುವುದಿಲ್ಲ. ಫ್ಯಾಕ್ಟರಿಯಲ್ಲಿ ಶೌಚಾಲಯವಿದೆ, ಟಾರ್ಗೆಟ್ ಬಿಟ್ಟು ಎದ್ದುಹೋಗುವಂತಿಲ್ಲ.

ಇನ್ನು ಕೆಲಸವನ್ನು ಬಿಚ್ಚಿ ನೋಡೋಣ. ಬಿಸಿಯೂಟದ ಅಡುಗೆಯವರಿಗೆ ತರಕಾರಿ ಹೆಚ್ಚುವುದು, ಬಡಿಸುವುದು ಆರು ವಾರದ ನಂತರ ತೊಂದರೆಯಿಲ್ಲ; ಸಾರಿನ ಪಾತ್ರೆ ಇಳಿಸುವುದು, ಅಕ್ಕಿ ಮೂಟೆ ಎಳೆಯುವುದು ಮೂರು ತಿಂಗಳು ಇನ್ನೊಬ್ಬರ ಪಾಲು, ಆಮೇಲೂ ಇಬ್ಬರು ಹಿಡಿಯಬೇಕಾದ್ದು. ಕಾಫಿ ತೋಟದಲ್ಲಿ ಹಣ್ಣು ಬಿಡಿಸಬಹುದು, ಸಂಜೆ ತೂಕಕ್ಕೆ ಮೂಟೆ ಹೊರುವುದನ್ನು ಬೇರೆಯವರಿಗೆ ಬಿಡಬೇಕು. ರೇಷ್ಮೆ ಮನೆಯಲ್ಲಿ ಹುಳುವಿಗೆ ಸೊಪ್ಪು ಹಾಕಬಹುದು, ತೋಟದಿಂದ ಸೊಪ್ಪಿನ ಹೊರೆ ತರಬಾರದು. ಗಾರ್ಮೆಂಟ್ಸ್‌ನವಳಿಗೆ ತೂಕ ತೊಂದರೆಯಲ್ಲ, ನಿಂತೇ ಇರುವುದು ತೊಂದರೆ. ಎಳೆತ ಸಂಜೆಯಾಗುತ್ತ ಏರುತ್ತದೆ. ಮಧ್ಯಾಹ್ನ ಹದಿನೈದು ನಿಮಿಷ ಮಲಗಲು ಜಾಗ, ಮೊದಲ ತಿಂಗಳು ಕೂತು ಮಾಡುವ ಕೆಲಸ, ಇಷ್ಟನ್ನು ಕೇಳಬೇಕು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರು ಕೂಲಿ ಗುಂಪನ್ನು ನೋಡಿಕೊಳ್ಳುವ ಕಾಯಕ ಬಂಧುವಿಗೆ ಮೊದಲೇ ಹೇಳಿ, ಬುಟ್ಟಿ ಹೊರುವ ಬದಲು ನೀರು ಕೊಡುವ ಅಥವಾ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕೇಳಬಹುದು.

ಬಾಯಿಮಾತಿನಲ್ಲಿ ಕೇಳಿದರೆ ಸೂಪರ್‌ವೈಸರ್ ನಗಬಹುದು. ಅದಕ್ಕೇ ಡಾಕ್ಟರ ಚೀಟಿ. "ಲಘು ಕೆಲಸ ಕೊಡಿ" ಎಂದು ಬರೆದರೆ ಅದಕ್ಕೆ ಅರ್ಥವೇ ಇಲ್ಲ, ಲಘು ಯಾವುದು ಎಂದು ತೀರ್ಮಾನಿಸುವವರು ಮಾಲೀಕರು. "ಇಂಥ ತಾರೀಖಿನವರೆಗೆ ಹತ್ತು ಕಿಲೋ ಮೇಲೆ ಎತ್ತಬಾರದು, ಒಂದೇ ಸಮ ಎರಡು ಗಂಟೆಗಿಂತ ಹೆಚ್ಚು ನಿಲ್ಲಬಾರದು" ಎಂದು ಬರೆಸಿಕೊಳ್ಳಿ. ಆರನೆಯ ವಾರದ ತಪಾಸಣೆಗೆ ಹೋದಾಗ ನಿಮ್ಮ ಕೆಲಸವೇನೆಂದು ಡಾಕ್ಟರಿಗೆ ಬಿಡಿಸಿ ಹೇಳಿ. ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಎತ್ತುತ್ತೀರಿ ಎಂದು ಅವರು ತಾವಾಗಿ ಕೇಳುವುದು ಅಪರೂಪ.

ಕೂಲಿಯ ಪ್ರಶ್ನೆ ಬಿಟ್ಟು ವಿಶ್ರಾಂತಿಯ ಉಪದೇಶ ಮಾಡುವುದು ಸುಲಭ. ಇಎಸ್‌ಐ ಇರುವವರಿಗೆ ಒಂದು ದಾರಿಯಿದೆ: ವಂತಿಗೆಯ ಷರತ್ತು ಪೂರೈಸಿದ್ದರೆ ಅನಾರೋಗ್ಯ ಭತ್ಯೆಯಾಗಿ ಸರಾಸರಿ ದಿನಗೂಲಿಯ ಶೇಕಡಾ 70, ವರ್ಷಕ್ಕೆ 91 ದಿನದವರೆಗೆ. ಹನ್ನೆರಡು ವಾರವೆಂದರೆ 84 ದಿನ, ಲೆಕ್ಕ ಸರಿಹೊಂದುತ್ತದೆ. ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಮಾತ್ರ ತಪ್ಪದೆ ಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು ಆಸ್ಪತ್ರೆಯ ಖರ್ಚಿಗೆ, ತಪ್ಪಿದ ಕೂಲಿಗಲ್ಲ. ಹೊಲದ ಕೂಲಿಗೆ ಹೋಗುವವರಿಗೆ ಯಾರೂ ಏನೂ ಕೊಡುವುದಿಲ್ಲ. ಅವರ ಕೈಯಲ್ಲಿರುವುದು ಒಂದೇ, ಆಪರೇಷನ್ನಿನ ಸಮಯ. ಇದು ಸಾಮಾನ್ಯವಾಗಿ ತುರ್ತಿನದಲ್ಲ, ತಿಂಗಳು ನೋಡಿ ಮಾಡಿಸಬಹುದು. ಮಳೆಯಾಶ್ರಿತ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ, ಫೆಬ್ರವರಿಯಲ್ಲಿ ಮಾಡಿಸಿದರೆ ಮುಂಗಾರಿನ ಬಿತ್ತನೆಯ ಹೊತ್ತಿಗೆ ಮೂರು ತಿಂಗಳು ಕಳೆದಿರುತ್ತದೆ. ಆಪರೇಷನ್ನಿಗೆ ಮುಂಚೆ ಕೆಮ್ಮಿದ್ದರೆ ವಾಸಿಮಾಡಿಕೊಳ್ಳಬೇಕು. ಮನೆಯವರಿಗೆ ಒಂದು ಮಾತು: ಬಾಣಂತಿಗೆ ನೀರಿನ ಕೊಡ ಮುಟ್ಟಿಸದ ಮನೆಗಳು ನಮ್ಮವು. ಇದನ್ನೂ ಒಂದು ಬಾಣಂತನ ಅಂದುಕೊಂಡರೆ ಸಾಕು, ಬೇರೆ ವಿವರಣೆ ಬೇಕಿಲ್ಲ.

ಮೊದಲ ವಾರಗಳಲ್ಲಿ ಸ್ವಲ್ಪ ಕಂದು ಅಥವಾ ಬಿಳಿ ಸ್ರಾವ, ನಡುವೆ ದಾರದ ಚೂರು ಬೀಳುವುದು ಸಹಜ. ಗಂಟೆಗೊಂದು ಪ್ಯಾಡ್ ನೆನೆಯುವ ರಕ್ತ, ದುರ್ವಾಸನೆ, ಜ್ವರ, ಮೂತ್ರ ಕಟ್ಟುವುದು, ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಏದುಸಿರು, ಇವು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಕೆಲಸ ಶುರುವಾದ ಮೇಲಿನ ಅಳತೆ ಬೇರೆ. ಸಂಜೆಯ ಎಳೆತ ರಾತ್ರಿ ಮಲಗಿದರೆ ಹೋಗುತ್ತದೆಯೇ? ಹಾಗಿದ್ದರೆ ನಡೆದೀತು. ಮರುದಿನ ಬೆಳಿಗ್ಗೆಯೂ ಉಳಿದಿದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತು, ಒಂದು ವಾರ ಹಿಂದಕ್ಕೆ ಹೋಗಿ.

ಎಲ್ಲ ಸರಿಯಾಗಿ ಮಾಡಿದರೂ ನಾಲ್ವರಲ್ಲಿ ಒಬ್ಬರಿಗೆ ಮುಂದೆಂದಾದರೂ ಯಾವುದೋ ಮಟ್ಟದಲ್ಲಿ ಮತ್ತೆ ಜಾರುವುದುಂಟು ಎಂಬುದು ವೈದ್ಯರು ಕೊಡುವ ಲೆಕ್ಕ. ಅದು ನಿಮ್ಮ ತಪ್ಪೆಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಾಗಾದ ಎಲ್ಲರಿಗೂ ಎರಡನೆಯ ಆಪರೇಷನ್ ಬೇಕಾಗುವುದೂ ಇಲ್ಲ. ಒಳಗೆ ಇಟ್ಟು ಆಧಾರ ಕೊಡುವ ರಿಂಗ್ ಪೆಸರಿ ಎಂಬ ಬಳೆಯಂಥ ಸಾಧನದಿಂದಲೇ ಎಷ್ಟೋ ಜನ ಕೆಲಸ ಮಾಡಿಕೊಂಡಿದ್ದಾರೆ. ಕೈಗೆ ಮತ್ತೆ ಗಂಟು ಸಿಕ್ಕಿದ ದಿನ ಹಿಂದಿನಂತೆ ಬಟ್ಟೆ ಒತ್ತಿಕೊಂಡು ಹೊಲಕ್ಕೆ ಹೋಗಬೇಡಿ, ತಾಲ್ಲೂಕು ಆಸ್ಪತ್ರೆಗೆ ಹೋಗಿ ಸ್ತ್ರೀರೋಗ ತಜ್ಞರನ್ನು ಕಾಣಿ.